36, 18, 16: ಡರ್ಸ್ ಪ್ರಶ್ನಾವಳಿಗಳಲ್ಲಿ ನಾನು ಉಳಿಸಿಕೊಂಡಿದ್ದು

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಡರ್ಸ್-16ಕ್ಕೆ. ಸಿಟ್ಟು, ದುಃಖ, ಗಾಬರಿ ಬಂದಾಗ ನಿಭಾಯಿಸೋದು ಎಷ್ಟು ಕಷ್ಟವಾಗುತ್ತಿದೆ ಅಂತ ಅಳೆಯುವ ಪ್ರಶ್ನಾವಳಿ ಡರ್ಸ್ (DERS); 36, 18, 16 ಅನ್ನೋದು ಅದರ ಬೇರೆ ಬೇರೆ ರೂಪಗಳಲ್ಲಿರುವ ಹೇಳಿಕೆಗಳ ಸಂಖ್ಯೆ. ಕಾಲೇಜಿನಲ್ಲಿ ಆಪ್ತ ಸಮಾಲೋಚಕಿಯಾಗಿರುವ ನಾನು ದೊಡ್ಡದು, ಚಿಕ್ಕದು ಎರಡನ್ನೂ ಇಂಗ್ಲಿಷ್ ಮೀಡಿಯಂ ಡಿಗ್ರಿ ಮಕ್ಕಳಿಗೆ ಕೊಟ್ಟು ನೋಡಿದ್ದೇನೆ.

ಮೂಲ ಡರ್ಸ್ ಕಿಮ್ ಗ್ರಾಟ್ಜ್ ಮತ್ತು ಲಿಜಬೆತ್ ರೋಮರ್ ಅವರದು, 2004ರಲ್ಲಿ ಬಂತು. 36 ಹೇಳಿಕೆ, ಆರು ಭಾಗ, ಪ್ರತಿಯೊಂದಕ್ಕೂ 1ರಿಂದ 5ರವರೆಗೆ ಅಂಕ; ಒಟ್ಟು ಅಂಕ ಹೆಚ್ಚಿದಷ್ಟೂ ಕಷ್ಟ ಹೆಚ್ಚು ಅಂತ ಅರ್ಥ. ಒಳ್ಳೆಯದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಖಿನ್ನತೆ, ಆತಂಕದ ಪ್ರಶ್ನಾವಳಿಗಳ ಜೊತೆ ಇದನ್ನೂ ಕೊಟ್ಟರೆ ಮಕ್ಕಳು ಕೊನೆಯ ಪುಟಕ್ಕೆ ಬರುವಷ್ಟರಲ್ಲಿ ಸುಸ್ತಾಗಿರುತ್ತಾರೆ. ಓದದೇ ಟಿಕ್ ಹಾಕೋದು ಶುರುವಾಗುತ್ತದೆ.

2016ರಲ್ಲಿ ಮೂರು ಚಿಕ್ಕ ರೂಪಗಳು ಬಂದವು. ಡರ್ಸ್-18 ಮತ್ತು ಡರ್ಸ್-ಎಸ್‌ಎಫ್ ಎರಡರಲ್ಲೂ 18 ಹೇಳಿಕೆ, ಆರು ಭಾಗಕ್ಕೆ ಮೂರು ಮೂರು. ಮೂರನೆಯದೇ ಡರ್ಸ್-16.

18ರಲ್ಲಿ ನನ್ನನ್ನು ಕಾಡಿದ್ದು ಅರಿವಿನ ಭಾಗದ ಮೂರು ಹೇಳಿಕೆಗಳು. 'ನನಗೆ ಏನನ್ನಿಸುತ್ತಿದೆ ಅನ್ನೋದಕ್ಕೆ ಗಮನ ಕೊಡುತ್ತೇನೆ' ಅನ್ನುವ ಥರದವು. ಉಳಿದ 15 ಕಷ್ಟದ ಬಗ್ಗೆ ಕೇಳುತ್ತವೆ, ಇವು ಮಾತ್ರ ಒಳ್ಳೆಯ ಅಭ್ಯಾಸದ ಬಗ್ಗೆ. ಹಾಗಾಗಿ ಇಲ್ಲಿ 4 ಹಾಕಿದ್ದರೆ 2 ಅಂತ, 5 ಹಾಕಿದ್ದರೆ 1 ಅಂತ ತಿರುಗಿಸಿ ಕೂಡಬೇಕು.

ಒಬ್ಬ ಹುಡುಗಿ ಎಲ್ಲದಕ್ಕೂ 4 ಹಾಕಿದ್ದಾಳೆ ಅಂದುಕೊಳ್ಳಿ. 15 ಹೇಳಿಕೆಗೆ 60, ತಿರುಗಿಸಿದ ಮೂರಕ್ಕೆ 6, ಒಟ್ಟು 90ಕ್ಕೆ 66. ಅವಳು ನಿಜಕ್ಕೂ ತನ್ನ ಭಾವನೆ ಗಮನಿಸುವವಳಾ, ಇಲ್ಲಾ ಸುಮ್ನೆ ಸಾಲಾಗಿ ಟಿಕ್ ಹಾಕಿಕೊಂಡು ಹೋದಳಾ? ಹಾಳೆ ನೋಡಿ ಹೇಳೋಕಾಗಲ್ಲ.

ನಿಜಕ್ಕೂ ಗಮನಿಸುವವಳೇ ಆದರೂ ತೊಡಕು ತಪ್ಪುವುದಿಲ್ಲ. ರಾತ್ರಿಯೆಲ್ಲ 'ನನಗ್ಯಾಕೆ ಹೀಗಾಗ್ತಿದೆ' ಅಂತ ಕೊರಗುವ ಮಕ್ಕಳು ತಮ್ಮ ಭಾವನೆಗೆ ಬೇಕಾದ್ದಕ್ಕಿಂತ ಜಾಸ್ತಿನೇ ಗಮನ ಕೊಡುತ್ತಿರುತ್ತಾರೆ, ಅಲ್ವಾ? ಲೆಕ್ಕದಲ್ಲಿ ಅದು ಒಳ್ಳೆಯ ಲಕ್ಷಣವಾಗಿ ಕಾಣುತ್ತದೆ, ಒಟ್ಟು ಅಂಕ ಇಳಿಯುತ್ತದೆ. ಯಾರನ್ನು ಮೊದಲು ಕರೆದು ಮಾತಾಡಿಸಬೇಕು ಅಂತ ಪಟ್ಟಿ ಮಾಡುವಾಗ ಅಂಥವಳು ಕೆಳಗೆ ಹೋಗಿಬಿಡಬಹುದು. ನನಗೆ ಅದೇ ಚಿಂತೆ. ಈ ಭಾಗ ಉಳಿದ ಐದರ ಜೊತೆ ಅಷ್ಟಾಗಿ ಹೊಂದುವುದಿಲ್ಲ ಅಂತ ಸಂಶೋಧನೆಗಳಲ್ಲೂ ಮತ್ತೆ ಮತ್ತೆ ಕಂಡಿದೆ.

ಡರ್ಸ್-16ರಲ್ಲಿ ಈ ಭಾಗವೇ ಇಲ್ಲ. ಸ್ವೀಡನ್ನಿನ ಸಂಶೋಧಕರು ಗ್ರಾಟ್ಜ್ ಅವರ ಜೊತೆ ಸೇರಿ ಮಾಡಿದ್ದು ಇದು. ಎಲ್ಲ ಹೇಳಿಕೆಯೂ ಕಷ್ಟದ ಕಡೆಗೇ, ತಿರುಗಿಸುವ ಕೆಲಸವಿಲ್ಲ. ಅದೇ ಹುಡುಗಿಗೆ ಇಲ್ಲಿ 80ಕ್ಕೆ 64. ಓದದೇ ಟಿಕ್ ಹಾಕಿದವರನ್ನು ಇದೂ ಹಿಡಿದುಕೊಡುವುದಿಲ್ಲ, ನಿಜ. ಆದರೆ ತಿರುಗಿಸಿದ ಅಂಕ ಒಟ್ಟು ಲೆಕ್ಕವನ್ನು ಎಳೆಯುವುದಿಲ್ಲ.

ಭಾವನೆ ಏನೆಂದೇ ತಿಳಿಯದ ಗೊಂದಲದ ಭಾಗಕ್ಕೆ ಇದರಲ್ಲಿ ಎರಡೇ ಹೇಳಿಕೆ. ಆ ಅಂಕವೊಂದನ್ನೇ ನಾನು ನೆಚ್ಚಿಕೊಳ್ಳುವುದಿಲ್ಲ.

ಜೆರಾಕ್ಸ್ ಖರ್ಚು ನನ್ನದೇ, ಅಂಕ ಕೂಡೋದೂ ಕೈಯಲ್ಲೇ. 16 ಹೇಳಿಕೆ ಹಾಳೆಯ ಒಂದೇ ಮಗ್ಗುಲಲ್ಲಿ ಹಿಡಿಯುತ್ತವೆ. ಹೇಗಿದ್ದರೂ ಇದು ರೋಗ ಪತ್ತೆ ಮಾಡುವ ಪರೀಕ್ಷೆಯಲ್ಲ, ಮಾತು ಶುರು ಮಾಡೋಕೆ ಒಂದು ದಾರಿ. ಆ ಕೆಲಸಕ್ಕೆ 16 ಸಾಕು. ಎಂಎ ಪ್ರಾಜೆಕ್ಟ್ ಮಾಡುವವರಿಗೆ ಅರಿವಿನ ಭಾಗ ಬೇಕೇ ಬೇಕು ಅಂದರೆ 18 ತಗೊಳ್ಳಿ, ಆದರೆ ಆ ಮೂರರ ಅಂಕವನ್ನು ಬೇರೆಯಾಗಿಯೇ ಬರೆದಿಡಿ.