ಗೌಹರ್ ಜಾನ್ ಕೇಳಲು ದೆಹಲಿಗೆ ಹೋಗಬೇಕೇ?

ಭಾರತದಲ್ಲಿ ಮೊದಮೊದಲು ಧ್ವನಿಮುದ್ರಣಕ್ಕೆ ಹಾಡಿದವರಲ್ಲಿ ಒಬ್ಬರಾದ ಗಾಯಕಿ ಗೌಹರ್ ಜಾನ್ ಅವರ ಹಳೆಯ ಗ್ರಾಮಫೋನ್ ಪ್ಲೇಟುಗಳನ್ನು ಕೇಳಬೇಕೆನ್ನುವವರು, ವಿಕ್ರಮ್ ಸಂಪತ್ ಅವರು ಬೆಂಗಳೂರಿನಲ್ಲಿ ಆರಂಭಿಸಿದ ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್‌ನವರು ಸೌಂಡ್‌ಕ್ಲೌಡ್ ಜಾಲತಾಣದಲ್ಲಿ ಉಚಿತವಾಗಿ ಹಾಕಿರುವುದನ್ನು ಮನೆಯಲ್ಲೇ ಕುಳಿತು ಕೇಳುವುದು ಮೇಲು. ಇದು ನನಗೆ ಮನವರಿಕೆಯಾಗುವ ಹೊತ್ತಿಗೆ ಮೈಸೂರಿನಿಂದ ದೆಹಲಿಗೆ ಹೋಗಿಬಂದ ಖರ್ಚು ಒಂಬತ್ತು ಸಾವಿರ ದಾಟಿತ್ತು.

ಆಕೆಯ ಹಾಡು ಕೇಳಲೆಂದು ನಾನು ಹೋದ ದೆಹಲಿಯ ಸರ್ಕಾರಿ ಧ್ವನಿ ಸಂಗ್ರಹದಲ್ಲಿ ಸಿಬ್ಬಂದಿಯ ಸೌಜನ್ಯಕ್ಕೇನೂ ಕೊರತೆಯಿರಲಿಲ್ಲ. ಮೂರು ನಿಮಿಷದ ಒಂದು ಹಾಡಿಗೆ ಒಂದು ಚೀಟಿ, ಮತ್ತೊಮ್ಮೆ ಕೇಳಬೇಕಾದರೆ ಮತ್ತೊಂದು ಚೀಟಿ, ದಿನಕ್ಕೆ ನಾಲ್ಕೇ ಚೀಟಿ ಎಂಬುದನ್ನೂ ಸಹಿಸಿಕೊಂಡೆ. ಆದರೆ ನಕಲು ಕೇಳಿದಾಗ, ಹಕ್ಕುಸ್ವಾಮ್ಯವಿದೆ, ಕೊಡಲಾಗದು ಎಂದರು.

ನಮ್ಮ ಕಾಯಿದೆಯಲ್ಲಿ ಧ್ವನಿಮುದ್ರಣದ ಹಕ್ಕಿಗೆ ಇರುವ ಅವಧಿ, ಅದು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ. ಗ್ರಾಮಫೋನ್ ಕಂಪನಿಯ ಧ್ವನಿಮುದ್ರಕ ಫ್ರೆಡ್ ಗೈಸ್‌ಬರ್ಗ್ 1902ರಲ್ಲಿ ಕಲ್ಕತ್ತದಲ್ಲಿ ಮುದ್ರಿಸಿಕೊಂಡ ಆಕೆಯ ಹಾಡಿಗೆ, ಯಾವ ಲೆಕ್ಕ ಹಿಡಿದರೂ, ಆ ಹಕ್ಕು ಎಂದೋ ಮುಗಿದಿದೆ. ಇದನ್ನು ಬರೆದುಕೊಟ್ಟೆ. ಮೇಜಿನ ಆಚೆಗಿದ್ದವರು ಓದಿ, ಒಪ್ಪಿ, ನಕಲಿಗೆ ಅರ್ಜಿಯ ನಮೂನೆಯೇ ಇಲ್ಲವೆಂದು ಹೇಳಿ, ಕಾಗದವನ್ನು ಮಡಿಸಿ ಹಿಂದಿರುಗಿಸಿದರು. ಸಾರ್ವಜನಿಕರ ಹಣದಲ್ಲಿ ಕಾಪಾಡಿದ ದನಿ ಸಾರ್ವಜನಿಕರ ಕೈಗೆ ಸಿಗದಿರಲು ಕಾರಣ ಕಾನೂನಲ್ಲ, ಒಂದು ಫಾರಮ್ಮು! ಮರುದಿನ ಮತ್ತೆ ಹೋದೆ. ಯಂತ್ರ ನಡೆಸುವವರು ರಜೆಯಲ್ಲಿದ್ದರು.

ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2011ರಲ್ಲಿ ತೆರೆದ, ಹಳೆಯ ಮುದ್ರಣಗಳನ್ನು ಕೇಳಿಸುವ ನ್ಯಾಷನಲ್ ಜೂಕ್‌ಬಾಕ್ಸ್ ಜಾಲತಾಣವನ್ನೂ ನೋಡಿದೆ. ಪ್ರತಿ ಹಾಡಿಗೂ ಮುದ್ರಣದ ದಿನಾಂಕ, ಮ್ಯಾಟ್ರಿಕ್ಸ್ ಸಂಖ್ಯೆ (ಮುದ್ರಣವನ್ನು ಗುರುತಿಸಲು ಕಂಪನಿ ಕೊಟ್ಟ ಸಂಖ್ಯೆ), ಎಷ್ಟನೆಯ ಸಲ ಹಾಡಿಸಿದ್ದು ಎಂಬ ವಿವರಗಳಿವೆ. ಅಚ್ಚುಕಟ್ಟಿನಲ್ಲಿ ಅದಕ್ಕೆ ಸಾಟಿಯಿಲ್ಲ. ಆದರೆ ಅದು ಬಹುಪಾಲು ವಿಕ್ಟರ್ ಕಂಪನಿಯ ಅಮೆರಿಕನ್ ಮುದ್ರಣಗಳ ಸಂಗ್ರಹವಾದ್ದರಿಂದ ನನ್ನ ಕೆಲಸಕ್ಕೆ ಒದಗಲಿಲ್ಲ.

ಮನೆಯ ಕೇಳ್ಮೆಗೂ ಒಂದು ತೊಡಕಿದೆ. ಆ ಕಾಲದ ಪ್ಲೇಟುಗಳ ವೇಗ ಒಂದೇ ಸಮ ಇರಲಿಲ್ಲವಾದ್ದರಿಂದ ಹಾಡಿನ ಶ್ರುತಿ ನಮ್ಮ ತಂಬೂರಿಗೆ ಕೂಡದೆ ಹೋಗಬಹುದು. ನಾನು ತಂಬೂರಿಯನ್ನೇ ತುಸು ಇಳಿಸಿಕೊಳ್ಳುತ್ತೇನೆ. ಪ್ಲೇಟನ್ನು ಕಣ್ಣಾರೆ ಕಾಣುವ ಸುಖ ಮಾತ್ರ ದೆಹಲಿಯದೇ. ಬೇರೆ ಕೆಲಸಕ್ಕೆ ಅಲ್ಲಿಗೆ ಹೋದವರು ಒಂದು ಚೀಟಿ ಬರೆಸಲಿ.

ರಾತ್ರಿ ಊಟವಾದ ಮೇಲೆ ಹತ್ತು ನಿಮಿಷ ಕೇಳುವುದು ನನ್ನ ರೂಢಿ. ಹಾಡು ಮುಗಿದೊಡನೆ ಆಕೆ, “ಮೈ ನೇಮ್ ಈಸ್ ಗೌಹರ್ ಜಾನ್” ಎಂದು ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಾರೆ. ದೂರದ ಜರ್ಮನಿಯ ಹ್ಯಾನೋವರ್‌ನಲ್ಲಿ ಪ್ಲೇಟು ಅಚ್ಚು ಹಾಕುವವರಿಗೆ ಹೆಸರು ತಪ್ಪಬಾರದೆಂದು ಹೀಗೆ ಹೇಳಿಸುತ್ತಿದ್ದರು. 1930ರಲ್ಲಿ ಆಕೆ ಕಣ್ಮುಚ್ಚಿದ್ದು ನಮ್ಮ ಮೈಸೂರಿನಲ್ಲೇ. ಆ ಒಂದು ವಾಕ್ಯಕ್ಕಾಗಿ ಅಮ್ಮ ಒಳಗಿನಿಂದ, “ಕೊನೇದನ್ನ ಇನ್ನೊಂದ್ಸಲ ಹಾಕೋ” ಎನ್ನುತ್ತಾರೆ. ಚೀಟಿ ಬರೆಯದೆ ಹಾಕುತ್ತೇನೆ.