‘60% ಸಕ್ಸಸ್’ ಪ್ಯಾಕೇಜೋ, ಲೆಕ್ಕ ಬಿಡಿಸಿ ಹೇಳುವ ಸೆಂಟರೋ?

ಬೆಂಗಳೂರಲ್ಲಿ ಐವಿಎಫ್‌ಗೆ (ಲ್ಯಾಬಿನಲ್ಲಿ ಅಂಡ, ವೀರ್ಯ ಸೇರಿಸಿ ಭ್ರೂಣ ಮಾಡುವ ಚಿಕಿತ್ಸೆ) ಹೊರಟವರಿಗೆ ಸಾಮಾನ್ಯವಾಗಿ ಎರಡು ದಾರಿ: ಊರೂರಲ್ಲಿ ಬ್ರಾಂಚ್ ಇರುವ ಚೈನ್ ಕ್ಲಿನಿಕ್ಕಿನ ಪ್ಯಾಕೇಜ್, ಇಲ್ಲವೇ ಒಬ್ಬಿಬ್ಬರು ಡಾಕ್ಟರು ಸ್ವಂತ ಲ್ಯಾಬ್ ಇಟ್ಟುಕೊಂಡು ನಡೆಸುವ ಸೆಂಟರ್. ನನ್ನ ಓಟು ಎರಡನೆಯದಕ್ಕೆ. ಸೋಫಾ, ಎಸಿ, ಆ್ಯಪ್ ಎಲ್ಲ ಚೈನ್‌ನಲ್ಲೇ ಚೆನ್ನ. ತಕರಾರಿರುವುದು ಅವರು ಬೋರ್ಡಿನಲ್ಲಿ ಬರೆಯುವ ‘60% ಸಕ್ಸಸ್’ ಎಂಬ ಲೆಕ್ಕದಲ್ಲಿ.

ಬೋರ್ಡಿನ ಮೇಲಿನ 60% ಎಷ್ಟು ಜನರಲ್ಲಿ, ಯಾವುದಕ್ಕೆ? ಉದಾಹರಣೆಗೆ ಹೀಗೆ ಇಟ್ಟುಕೊಳ್ಳಿ. 100 ಹೆಂಗಸರು ಅಂಡ ಬೆಳೆಸುವ ಇಂಜೆಕ್ಷನ್ ಶುರು ಮಾಡಿದರು. ಕೆಲವರಿಗೆ ಫಾಲಿಕಲ್ (ಅಂಡ ಬೆಳೆಯುವ ಚೀಲ) ಬೆಳೆಯದೆ ಸೈಕಲ್, ಅಂದರೆ ಚಿಕಿತ್ಸೆಯ ಆ ಸುತ್ತು, ಅಲ್ಲಿಗೇ ನಿಂತಿತು. ಅಂಡ ತೆಗೆದದ್ದು 90 ಜನರಿಗೆ. ಫಲಿತವಾಗದ್ದು, ಐದನೇ ದಿನದ ತನಕ ಬಾಳದ್ದು ಕಳೆದು, ಭ್ರೂಣವನ್ನು ಗರ್ಭಕೋಶಕ್ಕೆ ಬಿಡುವ ಟ್ರಾನ್ಸ್‌ಫರ್ ಆದದ್ದು 65 ಜನರಿಗೆ. ಬೀಟಾ ಎಚ್‌ಸಿಜಿ (ಗರ್ಭ ನಿಂತಿದೆಯೇ ಎಂದು ನೋಡುವ ರಕ್ತಪರೀಕ್ಷೆ) ಪಾಸಿಟಿವ್ 39. ಸ್ಕ್ಯಾನಿನಲ್ಲಿ ಹೃದಯ ಬಡಿತ ಕಂಡದ್ದು 31. ಮಗು ಎತ್ತಿಕೊಂಡು ಮನೆಗೆ ಹೋದವರು 26.

65ಕ್ಕೆ 39 ಅಂದರೆ 60%. 100ಕ್ಕೆ 26 ಅಂದರೆ 26%. ಎರಡೂ ಸುಳ್ಳಲ್ಲ, ಎರಡೂ ಒಂದೇ ಲ್ಯಾಬಿನವು. ಇದರೊಳಗೆ ದಾನಿಯ ಅಂಡದ ಸೈಕಲ್‌ಗಳನ್ನೂ ಸೇರಿಸಿಬಿಟ್ಟರೆ ಸಂಖ್ಯೆ ಇನ್ನೂ ಏರುತ್ತದೆ, ಏಕೆಂದರೆ ಅಲ್ಲಿ ಲೆಕ್ಕಕ್ಕೆ ಬರುವುದು ದಾನಿಯ ವಯಸ್ಸು. 40 ದಾಟಿದವರಿಗೆ ಆ ಸರಾಸರಿಯಿಂದ ಏನೂ ತಿಳಿಯುವುದಿಲ್ಲ. ಬ್ರಿಟನ್‌ನಲ್ಲಿ ಇಂಥ ಕ್ಲಿನಿಕ್ಕುಗಳ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಎಚ್‌ಎಫ್‌ಇಎ ಪ್ರತಿ ಕ್ಲಿನಿಕ್ಕಿನ ಫಲಿತಾಂಶ ಪ್ರಕಟಿಸುತ್ತದೆ. ನಮ್ಮಲ್ಲಿ 2021ರ ಎಆರ್‌ಟಿ (ನೆರವಿನ ಸಂತಾನೋತ್ಪತ್ತಿ) ಕಾಯ್ದೆಯಿಂದ ಕ್ಲಿನಿಕ್ಕುಗಳ ನೋಂದಣಿ ಕಡ್ಡಾಯವಾಯಿತು, ಆದರೆ ಅಂಥ ಪಟ್ಟಿ ಜನರ ಕೈಗೆ ಸಿಗುವುದಿಲ್ಲ. ಹಾಗಾಗಿ ಬಾಯಿ ಬಿಟ್ಟು ಕೇಳಲೇಬೇಕು: ‘ನನ್ನ ವಯಸ್ಸಿನವರು, ಸ್ವಂತ ಅಂಡದಲ್ಲಿ, ಕಳೆದ ವರ್ಷ ಎಷ್ಟು ಜನ ಇಂಜೆಕ್ಷನ್ ಶುರು ಮಾಡಿದರು, ಎಷ್ಟು ಹೆರಿಗೆ ಆಯಿತು?’ ಚಿಕ್ಕ ಸೆಂಟರಿನಲ್ಲಿ ಡಾಕ್ಟರೇ ಎದುರು ಕೂತಿರುವುದರಿಂದ ಉತ್ತರ ಸಿಗುವ ಸಂಭವ ಹೆಚ್ಚು. ಚೈನ್‌ನಲ್ಲಿ ಪ್ರಶ್ನೆ ಕೌನ್ಸೆಲರ್ ಮೇಜಿಗೆ ಹೋಗುತ್ತದೆ, ಅಲ್ಲಿಂದ ಇಎಂಐ ಫಾರಂ ಬರುತ್ತದೆ.

ದುಡ್ಡು: ಪ್ಯಾಕೇಜಿನಲ್ಲಿ ಇಂಜೆಕ್ಷನ್, ಇಕ್ಸಿ (ಒಂದು ವೀರ್ಯಾಣುವನ್ನು ನೇರ ಅಂಡದೊಳಗೆ ಚುಚ್ಚುವುದು), ಫ್ರೀಜಿಂಗ್ (ಉಳಿದ ಭ್ರೂಣ ಹೆಪ್ಪುಗಟ್ಟಿಸಿಡುವುದು), ಮುಂದಿನ ಫ್ರೋಜನ್ ಟ್ರಾನ್ಸ್‌ಫರ್ ಸೇರಿವೆಯೇ ಎಂದು ಒಂದೊಂದಾಗಿ ಬರೆಸಿಕೊಳ್ಳಿ.

‘ಹಣ ವಾಪಸ್’ ಯೋಜನೆ: ಎಎಂಎಚ್ (ಅಂಡಾಶಯದಲ್ಲಿ ಅಂಡ ಎಷ್ಟು ಉಳಿದಿದೆ ಎಂಬ ಅಂದಾಜು ಕೊಡುವ ರಕ್ತಪರೀಕ್ಷೆ) ಕಡಿಮೆಯಿದ್ದವರನ್ನು ಸೇರಿಸಿಕೊಳ್ಳುತ್ತಾರೋ ನೋಡಿ. ಬೀಟಾ ಪಾಸಿಟಿವ್ ಬಂದ ಕೂಡಲೇ ಕರಾರು ಮುಗಿಯುವುದಾದರೆ ಬೇಡ.

ಓಡಾಟ: ಹತ್ತು ಹನ್ನೆರಡು ದಿನದಲ್ಲಿ ನಾಲ್ಕೈದು ಸ್ಕ್ಯಾನ್. ಹತ್ತಿರದ್ದೇ ವಾಸಿ.

ಒಂದೇ ಸೈಕಲ್‌ಗೆ ದುಡ್ಡು ಹೊಂದಿಸಿಕೊಂಡವರು, ಬಿಲ್ಲಿನ ಪ್ರತಿ ಸಾಲು ಓದುವ ಅಭ್ಯಾಸವಿರುವವರು ಚಿಕ್ಕ ಸೆಂಟರಿಗೇ ಹೋಗಿ. ಆದರೆ ಅಲ್ಲೂ ಒಂದು ಪ್ರಶ್ನೆ ಬಿಡಬೇಡಿ: ಎಂಬ್ರಿಯಾಲಜಿಸ್ಟ್ (ಲ್ಯಾಬಿನಲ್ಲಿ ಅಂಡ, ಭ್ರೂಣ ನೋಡಿಕೊಳ್ಳುವ ತಜ್ಞರು) ದಿನಾ ಇರುತ್ತಾರಾ? ಅಂಡವನ್ನು ಕೊನೆಗೆ ಪಕ್ವವಾಗಿಸುವ ಟ್ರಿಗರ್ ಇಂಜೆಕ್ಷನ್ ಆಗಿ ಸುಮಾರು 35 ಗಂಟೆಗೆ ಅಂಡ ತೆಗೆಯಬೇಕು. ಸೋಮವಾರ ರಾತ್ರಿ ಹತ್ತಕ್ಕೆ ಚುಚ್ಚಿದರೆ ಬುಧವಾರ ಬೆಳಿಗ್ಗೆ ಒಂಬತ್ತಕ್ಕೆ. ಹೊರಗಿನಿಂದ ಎಂಬ್ರಿಯಾಲಜಿಸ್ಟ್ ಕರೆಸುವ ಕಡೆ ಹತ್ತಾರು ಜನರನ್ನು ಒಂದೇ ವಾರಕ್ಕೆ ಕೂಡಿಸಿ, ಮಾತ್ರೆ ಕೊಟ್ಟು ಮುಟ್ಟಿನ ದಿನವನ್ನೇ ಸರಿಹೊಂದಿಸುತ್ತಾರೆ. ‘ನಮ್ಮದು ಬ್ಯಾಚ್ ಲೆಕ್ಕ’ ಅಂದರೆ, 60% ಬೋರ್ಡ್ ಇದ್ದರೂ ಚೈನ್ ಕ್ಲಿನಿಕ್ಕೇ ಮೇಲು.