ತಾಲ್ಲೂಕು ಆಸ್ಪತ್ರೆಯ ಹೆಂಗಸರ ಓಪಿಡಿ: ಕಾಯಬೇಕು, ಆದರೂ ಹೋಗಿ

ನಮ್ಮ ತಾಲ್ಲೂಕಿನ ಸರ್ಕಾರಿ ಆಸ್ಪತ್ರೆಯ ಹೆಂಗಸರ ಓಪಿಡಿಗೆ 5ಕ್ಕೆ 4 ಸ್ಟಾರ್. ಒಂದು ಕಳೆದದ್ದು ಶೌಚಾಲಯಕ್ಕೆ. ಯೂರಿನ್ ಟೆಸ್ಟ್‌ಗೆ ಡಬ್ಬಿ ಕೊಟ್ಟು ಕಳಿಸುತ್ತಾರೆ, ಬಾಗಿಲಿಗೆ ಚಿಲಕವೇ ಇಲ್ಲ. ಗುರುತು ಪರಿಚಯ ಇಲ್ಲದವರನ್ನು ಕಾವಲಿಗೆ ನಿಲ್ಲಿಸಿ ಹೋಗಬೇಕು.

ನನಗೀಗ 46. ತಿಂಗಳಿಗೆ ಎರಡು ಸಲ ಮುಟ್ಟು, ಬಂದರೆ ನಿಲ್ಲುವ ಮಾತೇ ಇಲ್ಲ. ಮೊದಲು ಪೇಟೆಯ ಒಂದು ಖಾಸಗಿ ಕ್ಲಿನಿಕ್‌ನಲ್ಲಿ ತೋರಿಸಿದ್ದೆ. ಅಲ್ಲಿ ಎಸಿ, ಸೋಫಾ ಎಲ್ಲ ಇತ್ತು. ನಾನಿನ್ನೂ ಮಂಚದ ಮೇಲಿರುವಾಗಲೇ ಮುಂದಿನ ಪೇಷಂಟು ಗಂಡನ ಸಮೇತ ಬಂದು ಕುರ್ಚಿಯಲ್ಲಿ ಕೂತಾಗಿತ್ತು. ನಡುವೆ ಅರ್ಧ ಪರದೆ. ‘ಮಕ್ಕಳಾಗಿವೆಯಲ್ಲ, ಗರ್ಭಕೋಶ ತೆಗೆಸಿಬಿಡಿ’ ಅಂದರು. ಹಲ್ಲು ಕೀಳಿಸೋಕೂ ಇದಕ್ಕಿಂತ ಜಾಸ್ತಿ ಯೋಚನೆ ಮಾಡ್ತಾರೆ, ಅಲ್ವಾ?

ಇಲ್ಲಿ ಡಾಕ್ಟರ್ ಮೇಡಂ ಮೊದಲು ಬಾಗಿಲು ಹಾಕಿಸಿದರು. ಸಿಸ್ಟರ್ ಸೊಂಟದಿಂದ ಕೆಳಗೆ ಬೆಡ್‌ಶೀಟ್ ಹೊದಿಸಿದರು. ಮೇಡಂ ಒಳಗೆ ಹಾಕಿ ನೋಡುವ ಉಪಕರಣವನ್ನು ಎತ್ತಿ ತೋರಿಸಿ, ‘ತಣ್ಣಗಿರುತ್ತೆ ಅಕ್ಕ, ನೋವಾದ್ರೆ ಹೇಳಿ, ನಿಲ್ಲಿಸ್ತೀನಿ’ ಎಂದರು. ಹೇಳಿದೆ. ನಿಜವಾಗಲೂ ನಿಲ್ಲಿಸಿದರು! ಸಣ್ಣ ಸೈಜಿನದು ತರಿಸಿ ಮುಂದುವರಿಸಿದರು.

ಕ್ಯಾನ್ಸರ್ ತಪಾಸಣೆಗೆ ಗರ್ಭಕೋಶದ ಬಾಯಿಗೆ ತೆಳು ಅಸಿಟಿಕ್ ಆಸಿಡ್ (ವಿನೆಗರ್‌ನಂಥದ್ದು) ಹಚ್ಚಿ ಒಂದು ನಿಮಿಷ ಬಿಟ್ಟು ನೋಡುತ್ತಾರೆ. ಸ್ವಲ್ಪ ಉರಿಯುತ್ತದೆ. ಬಿಳಿ ಮಚ್ಚೆ ಎದ್ದರೆ ಇನ್ನೊಂದು ಪರೀಕ್ಷೆ ಬೇಕು, ಕ್ಯಾನ್ಸರೇ ಅಂತ ಅಲ್ಲ ಎಂದು ಮೊದಲೇ ಹೇಳಿದರು. 30 ದಾಟಿದವರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಈ ತಪಾಸಣೆಗೆ ದುಡ್ಡಿಲ್ಲ. ನನಗೆ ಮಚ್ಚೆ ಇರಲಿಲ್ಲ. ರಕ್ತದ ಹಿಮೋಗ್ಲೋಬಿನ್ ಮಾತ್ರ 8ಕ್ಕೆ ಇಳಿದಿತ್ತು. ಸ್ಕ್ಯಾನ್, ಥೈರಾಯ್ಡ್ ಎಲ್ಲ ನೋಡೋಣ, ಆಪರೇಷನ್ ಮಾತು ಆಮೇಲೆ ಎಂದು ಕಬ್ಬಿಣದ ಮಾತ್ರೆ ಬರೆದುಕೊಟ್ಟರು.

ನನ್ನ ಪಕ್ಕ ಬೆಂಚಿನಲ್ಲಿದ್ದ ಅಜ್ಜಿಗೆ ಗರ್ಭಕೋಶ ಜಾರಿತ್ತಂತೆ. ಸೊಸೆ ಎದುರು ಬಾಯಿ ಬಿಡುತ್ತಿರಲಿಲ್ಲ. ಸಿಸ್ಟರ್‌ಗೆ ಅದು ಗೊತ್ತಾಯಿತು. ‘ನೀವು ಹೋಗಿ ಈ ಚೀಟಿಗೆ ಸೀಲ್ ಹಾಕಿಸ್ಕೊಂಡು ಬನ್ನಮ್ಮ’ ಎಂದು ಸೊಸೆಯನ್ನು ಸುಮ್ನೆ ಸಾಗಹಾಕಿದರು.

ಚೀಟಿ ಕೌಂಟರ್‌ನವರು ಮಾತ್ರ ‘ಏನ್ ತೊಂದ್ರೆ?’ ಎಂದು ಇಡೀ ಸಾಲಿಗೆ ಕೇಳುವ ಹಾಗೆ ಕೂಗುತ್ತಾರೆ. ‘ಹೆಂಗಸರ ಡಾಕ್ಟರ್’ ಅಂದರೆ ಸಾಕು, ವಿವರ ಕೊಡಬೇಡಿ. ಪ್ರತಿ ತಿಂಗಳು 9ನೇ ತಾರೀಕು ಬಸುರಿಯರ ತಪಾಸಣೆ ಇರುತ್ತದೆ, ಕಾಲಿಡಲು ಜಾಗ ಇರಲ್ಲ. ಬೇರೆ ತೊಂದರೆಯವರು ಆ ದಿನ ಬಿಡಿ. ಚೂಡಿದಾರಕ್ಕಿಂತ ಸೀರೆ ಉಟ್ಟು ಹೋದರೆ ಪರೀಕ್ಷೆಗೆ ಸುಲಭ.